ಹೀಟರಿನ ಒಡಲು: ಹಳೆಯ ಮೋಟಾರು ಗಾಡಿಯಲ್ಲಿ ಅದನ್ನು ಸ್ವಹಸ್ತದಿಂದ ಬದಲಿಸುವ ಕ್ರಮ

ಕನ್ನಡನಾಡಿನ ಬಯಲುಸೀಮೆಯಲ್ಲಿ ಮೋಟಾರು ಗಾಡಿಯೊಡನೆ ಬಾಳಿದವರಿಗೆ ಎಂಜಿನ್ನನ್ನು ತಂಪಾಗಿಡುವ ಚಿಂತೆ ಗೊತ್ತಿದೆಯೇ ಹೊರತು, ಒಳಗೆ ಕುಳಿತವರನ್ನು ಬೆಚ್ಚಗಿಡುವ ಚಿಂತೆ ಅಷ್ಟಾಗಿ ಗೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಘಟ್ಟವನ್ನೇರುವಾಗ ರೇಡಿಯೇಟರು ಕುದಿದು, ಚಾಲಕನು ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ಹಳ್ಳದಿಂದ ನೀರು ತಂದು ಹೊಯ್ಯುತ್ತಿದ್ದ ದೃಶ್ಯವನ್ನು ಹಿರಿಯ ತಲೆಮಾರಿನವರು ಮರೆತಿರಲಾರರು. ಇಂಗ್ಲೆಂಡು, ಸ್ವೀಡನ್, ಕೆನಡಾ ಮೊದಲಾದ ಶೀತದೇಶಗಳಲ್ಲಿ ಎಂಜಿನ್ನಿನ ಇದೇ ಕಾವು ಚಳಿಗಾಲದ ವರವಾಗಿ ಪರಿಣಮಿಸುತ್ತದೆ. ಇಲ್ಲಿ ಹೊರಹಾಕಬೇಕಾದುದನ್ನು ಅಲ್ಲಿ ಹಿಡಿದಿಟ್ಟು ಬಳಸುತ್ತಾರೆ. ಆ ಬಳಕೆಯ ಸಾಧನವೇ ಹೀಟರು. ಅದರ ಪೆಟ್ಟಿಗೆಯೊಳಗೆ ಅಡಗಿರುವ, ದಪ್ಪನೆಯ ನಿಘಂಟೊಂದರ ಗಾತ್ರದ ಲೋಹದ ಗೂಡು ಪ್ರಕೃತ ಲೇಖನದ ವಿಷಯ.

ಈ ಗೂಡನ್ನು ಅಮೆರಿಕದವರು ಹೀಟರ್ ಕೋರ್ ಎನ್ನುತ್ತಾರೆ. ಕೋರ್ ಎಂದರೆ ತಿರುಳು. ಇಂಗ್ಲೆಂಡಿನ ಮೆಕ್ಯಾನಿಕರು ಹೀಟರ್ ಮೇಟ್ರಿಕ್ಸ್ ಎನ್ನುತ್ತಾರೆ. ಮೇಟ್ರಿಕ್ಸ್ ಎಂಬ ಶಬ್ದವು ಲ್ಯಾಟಿನ್ ಭಾಷೆಯಲ್ಲಿ ತಾಯಿ ಎಂಬರ್ಥವುಳ್ಳ ಮಾತೆರ್ ಎಂಬುದರಿಂದ ಹುಟ್ಟಿದುದು. ಸಂಸ್ಕೃತದ ಮಾತೃ ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ಗರ್ಭ ಎಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಆದಕಾರಣ ಕನ್ನಡದಲ್ಲಿ ಇದನ್ನು ಹೀಟರಿನ ಒಡಲು ಎಂದು ಕರೆದರೆ ಅರ್ಥಕ್ಕೆ ಊನವಾಗದು. ಕೈಗೆ ಎಣ್ಣೆಮಸಿ ಬಳಿದುಕೊಂಡ ಮೆಕ್ಯಾನಿಕನ ಬಾಯಲ್ಲಿ ಇಷ್ಟು ಪ್ರಾಚೀನವಾದ ಶಬ್ದ ಉಳಿದುಬಂದಿರುವುದು ಭಾಷೆಯ ವಿನೋದಗಳಲ್ಲೊಂದು.

ಪೆಟ್ರೋಲು ಉರಿದು ಹುಟ್ಟಿಸುವ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯ ಮೂಲಕ ಆಕಾಶಕ್ಕೆ ಹೋಗುತ್ತದೆ. ಉಳಿದ ಪಾಲನ್ನು ಎಂಜಿನ್ನಿನ ಗೋಡೆಗಳೊಳಗೆ ಸುತ್ತುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಈ ಹರಿವಿನಿಂದ ಒಂದು ಕವಲನ್ನು ತೆಗೆದು, ಪುಟ್ಟ ರೇಡಿಯೇಟರೊಂದರ ಮೂಲಕ ಹಾಯಿಸಿ, ಅದರ ಮೇಲೆ ಫ್ಯಾನಿನಿಂದ ಗಾಳಿಯನ್ನು ಬೀಸಿದರೆ ಆ ಗಾಳಿಯು ಬೆಚ್ಚಗಾಗಿ ಗಾಡಿಯೊಳಕ್ಕೆ ಬರುತ್ತದೆ. ಹೀಟರು ಎಂದರೆ ಇಷ್ಟೇ. ಅದು ತಾನಾಗಿ ಶಾಖವನ್ನು ಹುಟ್ಟಿಸುವ ಒಲೆಯಲ್ಲ. ಕೆರೆಯ ಕಾಲುವೆಯಿಂದ ತೋಟಕ್ಕೆ ತಿರುಗಿಸಿದ ಕವಲಿನಂತೆ ಎಂಜಿನ್ನಿನ ನೀರಿಗೆ ಸೇರಿದ ಒಂದು ಶಾಖೆ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಕವಲಿನ ಏರಿ ಒಡೆದರೆ ಬರಿದಾಗುವುದು ಕೆರೆಯೇ. ಹೀಟರಿನ ಒಡಲು ಸೋರಿದರೆ ಕೆಡುವುದು ಎಂಜಿನ್ನೇ. ಇದೇ ಕಾರಣದಿಂದ, ಎಂಜಿನ್ನು ಮಿತಿಮೀರಿ ಕಾದಾಗ ಹೀಟರನ್ನು ಪೂರ್ಣವಾಗಿ ತೆರೆದರೆ ಕಾವು ಕೊಂಚ ಇಳಿಯುತ್ತದೆ. ಒಳಗೆ ಕುಳಿತವರು ಬೆವರಿದರೂ ಎಂಜಿನ್ನಿಗೆ ಎರಡನೆಯ ರೇಡಿಯೇಟರೊಂದು ದೊರೆತಂತಾಗುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಯ ಎಂಜಿನ್ನನ್ನು ತಣಿಸುವುದು ಗಾಳಿಯೇ ಆದುದರಿಂದ ಅದಕ್ಕೆ ಇಂಥ ಒಡಲೇ ಇಲ್ಲ. ಅಲ್ಲಿ ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಕ್ಕೆ ತರುತ್ತಾರೆ. ಅದರ ರೀತಿ ಬೇರೆ, ಅಪಾಯವೂ ಬೇರೆ.

ಉದಾಹರಣೆಗಾಗಿ ಒಂದು ನಿರ್ದಿಷ್ಟ ಗಾಡಿಯನ್ನು ಆರಿಸಿಕೊಳ್ಳುವುದು ಉಚಿತ. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನಲ್ಲಿ ೧೯೬೨ರಿಂದ ೧೯೮೦ರವರೆಗೆ ಎಂ.ಜಿ.ಬಿ. ಎಂಬ ಚಿಕ್ಕ ಗಾಡಿ ತಯಾರಾಯಿತು. ಐದು ಲಕ್ಷಕ್ಕೂ ಮಿಕ್ಕಿ ಗಾಡಿಗಳು ಹೊರಬಂದವು. ಅವುಗಳಲ್ಲಿ ಅನೇಕವನ್ನು ಒಡೆಯರು ಇಂದಿಗೂ ಮನೆಯ ಮುಂದೆ ತಾವೇ ಬಿಚ್ಚಿ ಕಟ್ಟಿ ಓಡಿಸುತ್ತಿದ್ದಾರೆ. ಇದರ ೧೭೯೮ ಘನ ಸೆಂಟಿಮೀಟರಿನ ಎಂಜಿನ್ನು ಬಿ-ಸರಣಿಗೆ ಸೇರಿದುದು. ಭಾರತದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಗಾಡಿಯನ್ನನುಸರಿಸಿ ಉತ್ತರಪಾರಾದಲ್ಲಿ ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಗಾಡಿಯಲ್ಲಿ ದೀರ್ಘಕಾಲ ದುಡಿದ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನೂ ಇದೇ ಸರಣಿಯದು. ಎಂದರೆ, ಮದುವೆಯ ದಿಬ್ಬಣವನ್ನೂ ಶಾಲಾ ತಪಾಸಣೆಗೆ ಬಂದ ಅಧಿಕಾರಿಗಳನ್ನೂ ಹೊತ್ತು ತಿರುಗಿದ ಆ ಗಾಡಿಗೂ ಆಬಿಂಗ್‌ಡನ್ನಿನ ಈ ಗಾಡಿಗೂ ದಾಯಾದಿ ಸಂಬಂಧವುಂಟು. ಅಂಬಾಸಿಡರಿನ ಬಾನೆಟ್ಟನ್ನು ಎತ್ತಿ ನೋಡಿದವರಿಗೆ ಎಂ.ಜಿ.ಬಿ.ಯ ಎಂಜಿನ್ನು ಅಪರಿಚಿತವೆನಿಸದು. ಆರಂಭದ ವರ್ಷಗಳಲ್ಲಿ ಆ ಚಳಿನಾಡಿನಲ್ಲೂ ಎಂ.ಜಿ.ಬಿ.ಗೆ ಹೀಟರು ಬೇಕೆಂದರೆ ಪ್ರತ್ಯೇಕ ಬೆಲೆ ತೆರಬೇಕಾಗಿತ್ತು ಎಂಬುದು ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು.

ಹೀಟರು ಕೇವಲ ಸುಖದ ವಸ್ತುವೆಂದು ಭಾವಿಸುವುದು ತಪ್ಪು. ಚಳಿಯಲ್ಲಿ ಒಳಗೆ ಕುಳಿತವರ ಉಸಿರಿನ ತೇವವು ಮುಂಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಹೊರಮೈಯಲ್ಲಿ ಹಿಮ ಕಟ್ಟುತ್ತದೆ. ಹೀಟರಿನ ಬಿಸಿಗಾಳಿಯ ಒಂದು ಪಾಲು ಕೊಳವೆಗಳ ಮೂಲಕ ಆ ಗಾಜಿನ ಬುಡಕ್ಕೆ ಹೋಗಿ ಇವೆರಡನ್ನೂ ಕರಗಿಸುತ್ತದೆ. ಗಾಜು ತಿಳಿಯಾಗದಿದ್ದರೆ ಚಾಲಕನು ಕಣ್ಣಿದ್ದೂ ಕುರುಡನೇ. ಅಮೆರಿಕದಲ್ಲಿ ೧೯೬೮ರಿಂದ ಮುಂಗಾಜಿನ ಮಂಜು ಹಿಮಗಳನ್ನು ತೆಗೆಯುವ ಏರ್ಪಾಡು ಪ್ರತಿ ಹೊಸ ಕಾರಿನಲ್ಲೂ ಇರಲೇಬೇಕೆಂದು ಶಾಸನವಾದುದು ಇದಕ್ಕಾಗಿಯೇ.

ಒಡಲು ಸೋರತೊಡಗಿದಾಗ ಕಾಣುವ ಕುರುಹುಗಳು ಸ್ಪಷ್ಟವಾದುವು. ಗಾಡಿಯೊಳಗೆ ಪಾಕದಂಥ ಸಿಹಿವಾಸನೆ ಸುಳಿಯುತ್ತದೆ. ಮುಂಗಾಜಿನ ಒಳಮೈಯಲ್ಲಿ, ಒರೆಸಿದರೂ ಬಿಡದ ಜಿಡ್ಡಿನ ಪೊರೆ ಕಟ್ಟುತ್ತದೆ. ಕಾಲ ಬುಡದ ಜಮಖಾನೆ ತೇವವಾಗುತ್ತದೆ. ಮುಟ್ಟಿದರೆ ಬೆರಳು ಅಂಟಂಟು. ಹೊರಗೆಲ್ಲೂ ಹನಿ ಕಾಣದಿದ್ದರೂ ರೇಡಿಯೇಟರಿನ ನೀರು ದಿನೇದಿನೇ ಇಳಿಯುತ್ತದೆ. ಮಳೆನೀರು ಒಳಹೊಕ್ಕರೂ ಜಮಖಾನೆ ತೋಯುವುದುಂಟು. ಆದರೆ ಮಳೆನೀರಿಗೆ ಜಿಡ್ಡಿಲ್ಲ, ಸಿಹಿವಾಸನೆಯಿಲ್ಲ. ಇನ್ನು ಸೋರಿಕೆಯಿಲ್ಲದೆ ಬರಿಯ ಬಿಸಿ ಮಾತ್ರ ಬಾರದಿದ್ದರೆ ಅವಸರದಿಂದ ಒಡಲಿನ ಮೇಲೆ ತಪ್ಪು ಹೊರಿಸಬಾರದು. ಎಂಜಿನ್ನು ಚೆನ್ನಾಗಿ ಕಾದಮೇಲೆ ಹೀಟರಿಗೆ ಹೋಗುವ ಮತ್ತು ಅದರಿಂದ ಮರಳುವ ಎರಡು ರಬ್ಬರು ಕೊಳವೆಗಳನ್ನೂ ಎಚ್ಚರದಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿಯಾಗಿದ್ದರೆ ಒಡಲು ಸರಿಯಾಗಿದೆ. ದೋಷ ಫ್ಯಾನಿನಲ್ಲೋ ಗಾಳಿಯ ಬಾಗಿಲಿನಲ್ಲೋ ಇರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಒಡಲು ಕಟ್ಟಿಕೊಂಡಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿರುವ ಹೀಟರ್ ವಾಲ್ವನ್ನು ಮೊದಲು ನೋಡತಕ್ಕದ್ದು. ಡ್ಯಾಶ್‌ಬೋರ್ಡಿನ ಗುಂಡಿಯನ್ನು ತಿರುಗಿಸಿದಾಗ ತಂತಿಯೊಂದು ಈ ವಾಲ್ವನ್ನು ತೆರೆಯಬೇಕು. ತಂತಿ ಜಾರಿದ್ದರೆ ಅಥವಾ ವಾಲ್ವು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಅರ್ಧ ಗಂಟೆಯ ಕೆಲಸದಲ್ಲಿ ಮುಗಿಯಬೇಕಾದುದಕ್ಕೆ ಎರಡು ದಿನ ಕಳೆದಂತಾಗುತ್ತದೆ.

ಸೋರುವ ಒಡಲಿಗೆ ಎರಡು ಅಡ್ಡದಾರಿಗಳುಂಟು. ರೇಡಿಯೇಟರಿಗೆ ಸುರಿದರೆ ತೂತು ಮುಚ್ಚುವ ಪುಡಿ ಮತ್ತು ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ತೂತನ್ನು ಮುಚ್ಚಬಲ್ಲವಾದರೂ ಒಡಲಿನ ಸೂಕ್ಷ್ಮವಾದ ನಾಳಗಳನ್ನೂ ಅದೇ ಉತ್ಸಾಹದಿಂದ ಮುಚ್ಚುತ್ತವೆ. ದಾರಿಯ ನಡುವೆ ಸಿಕ್ಕಿಬಿದ್ದವನಿಗಲ್ಲದೆ ಉಳಿದವರಿಗೆ ಅವು ಸಲ್ಲವು. ಎರಡನೆಯದು, ಎರಡು ಕೊಳವೆಗಳನ್ನೂ ಒಡಲಿನಿಂದ ಕಳಚಿ ಒಂದಕ್ಕೊಂದು ಜೋಡಿಸಿ, ಹೀಟರನ್ನೇ ಹರಿವಿನಿಂದ ಹೊರಗಿಡುವುದು. ಇದು ಪ್ರಾಮಾಣಿಕವಾದ ಉಪಾಯ, ಎಂಜಿನ್ನಿಗೆ ಹಾನಿಯಿಲ್ಲ. ಬೇಸಿಗೆಯಲ್ಲಿ ಹೀಗೆ ಓಡಿಸಬಹುದು. ಆದರೆ ಚಳಿಗಾಲ ಬಂದರೂ ಹಾಗೆಯೇ ಬಿಟ್ಟವನು ಮಂಜುಗಟ್ಟಿದ ಗಾಜಿನ ಹಿಂದೆ ಕುಳಿತು ತನ್ನ ಪ್ರಾಣವನ್ನೂ ದಾರಿಹೋಕರ ಪ್ರಾಣವನ್ನೂ ಪಣಕ್ಕೊಡ್ಡಿದಂತೆಯೇ ಸರಿ.

ಬಿಡಿಭಾಗದ ಬೆಲೆಯು ಒಟ್ಟು ವೆಚ್ಚದ ಒಂದು ಸಣ್ಣ ಪಾಲು. ಉಳಿದುದೆಲ್ಲ ಗ್ಯಾರೇಜಿನವರ ಗಂಟೆಗಳ ಕೂಲಿ. ಏಕೆಂದರೆ ಒಡಲನ್ನು ಹಿಡಿದು ತೆಗೆಯುವ ಕೆಲಸ ಎರಡು ನಿಮಿಷದ್ದು. ಅದರ ಬಳಿಗೆ ಹೋಗುವ ಕೆಲಸ ಗಂಟೆಗಳದ್ದು. ೧೯೭೪ರಿಂದ ೧೯೯೩ರವರೆಗೆ ತಯಾರಾದ ವೋಲ್ವೋ ೨೪೦ ಎಂಬ ಸ್ವೀಡನ್ನಿನ ಗಾಡಿಯಲ್ಲಿ ಹೀಟರಿನ ಪೆಟ್ಟಿಗೆಯು ಡ್ಯಾಶ್‌ಬೋರ್ಡಿನ ಆಳದಲ್ಲಿ ಹೂತಿದೆ. ಮೊದಲು ಹೀಟರನ್ನಿಟ್ಟು ಅದರ ಸುತ್ತ ಗಾಡಿಯನ್ನು ಕಟ್ಟಿದರೆಂಬ ಹಾಸ್ಯ ಮೆಕ್ಯಾನಿಕರಲ್ಲಿ ಪ್ರಚಲಿತವಾಗಿದೆ. ಎಂ.ಜಿ.ಬಿ.ಯಲ್ಲಿ ಪೆಟ್ಟಿಗೆಯು ಎಂಜಿನ್ನಿನ ಹಿಂಬದಿಯ ಗೋಡೆಯ ಅಟ್ಟದ ಮೇಲೆ, ಬಾನೆಟ್ಟಿನ ಕೆಳಗೆ ಕಣ್ಣಿಗೆ ಕಾಣುವಂತೆಯೇ ಇದೆ. ನೋಡಿದವನು ಇದು ಸುಲಭವೆಂದು ಭ್ರಮಿಸುತ್ತಾನೆ. ಅದರ ಬೇರುಗಳು ಮಾತ್ರ ಅಟ್ಟದ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಇಳಿದಿವೆ. ಹಳಗನ್ನಡ ಪದ್ಯದಲ್ಲಿ ಮೊದಲು ಕಂಡ ಪದಕ್ಕೆ ಅರ್ಥ ಹೇಳಹೊರಟ ವಿದ್ಯಾರ್ಥಿಯು, ಅದರ ಕ್ರಿಯಾಪದ ನಾಲ್ಕನೆಯ ಪಾದದಲ್ಲಿದೆಯೆಂದು ತಿಳಿದು ತಡವರಿಸುವಂತೆಯೇ ಇಲ್ಲಿಯೂ ಆಗುತ್ತದೆ. ಆದುದರಿಂದ ಬಿಚ್ಚುವ ಮೊದಲು ಅನ್ವಯವನ್ನು ತಿಳಿದುಕೊಳ್ಳಬೇಕು.

ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಯಾವುದಕ್ಕೂ ಕೈ ಹಾಕಕೂಡದು. ರೇಡಿಯೇಟರಿನ ಮುಚ್ಚಳವು ಒಳಗಿನ ನೀರನ್ನು ಒತ್ತಡದಲ್ಲಿಡುತ್ತದೆ. ಚದರ ಅಂಗುಲಕ್ಕೆ ಒಂದು ಪೌಂಡಿನಂತೆ ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಕಳೆದ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣಿದ ಮೇಲೆ ಬ್ಯಾಟರಿಯ ಭೂಸಂಪರ್ಕದ ತಂತಿಯನ್ನು ಕಳಚಬೇಕು. ಎಂ.ಜಿ.ಬಿ.ಯ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗಲ್ಲ, ಆಸನಗಳ ಹಿಂದೆ. ಹಳೆಯ ಗಾಡಿಗಳಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ೧೯೬೭ಕ್ಕೆ ಮುಂಚಿನವುಗಳಲ್ಲಿ ಭೂಸಂಪರ್ಕ ಪಡೆದುದು ಧನಧ್ರುವ, ಆಮೇಲಿನವುಗಳಲ್ಲಿ ಋಣಧ್ರುವ. ಆದುದರಿಂದ ಕೂಡುವ ಗುರುತು ಕಳೆಯುವ ಗುರುತುಗಳನ್ನಷ್ಟೇ ನಂಬದೆ, ತಂತಿ ಗಾಡಿಯ ಮೈಗೆ ಸೇರಿದೆಯೇ ಎಂದು ನೋಡಿ ಕಳಚತಕ್ಕದ್ದು.

ತರುವಾಯ ರೇಡಿಯೇಟರಿನ ಕೆಳಗಿನ ಕೊಳವೆಯನ್ನು ಸಡಿಲಿಸಿ ಸುಮಾರು ಆರು ಲೀಟರಿನಷ್ಟು ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಬೇಕು. ಇದನ್ನು ಬಾಯಿಮಾತಿನಲ್ಲಿ ನೀರೆಂದರೂ ಅದು ಬರಿಯ ನೀರಲ್ಲ. ಹಿಮಗಟ್ಟದಿರಲೆಂದು ಅದರಲ್ಲಿ ಎಥಿಲೀನ್ ಗ್ಲೈಕಾಲನ್ನು ಬೆರೆಸಿರುತ್ತಾರೆ. ಇದರ ಸ್ವಭಾವ ವಿಚಿತ್ರವಾದುದು. ನೀರು ಸೊನ್ನೆ ಡಿಗ್ರಿಯಲ್ಲಿಯೂ ಶುದ್ಧ ಗ್ಲೈಕಾಲು ಸೊನ್ನೆಗಿಂತ ೧೩ ಡಿಗ್ರಿ ಕೆಳಗೂ ಹೆಪ್ಪುಗಟ್ಟುತ್ತವೆ; ಎರಡನ್ನೂ ಸಮಪಾಲು ಬೆರೆಸಿದರೆ ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಕೆಳಗಿಳಿಯುವವರೆಗೂ ಹೆಪ್ಪುಗಟ್ಟುವುದಿಲ್ಲ. ಹೆಚ್ಚು ಸುರಿದರೆ ಹೆಚ್ಚು ರಕ್ಷೆಯೆಂದು ಬಗೆದು ಶುದ್ಧ ಗ್ಲೈಕಾಲನ್ನೇ ತುಂಬುವವನು ಇದನ್ನು ಗಮನಿಸಬೇಕು. ಇದಕ್ಕಿಂತ ಮುಖ್ಯವಾದ ಮಾತು: ಗ್ಲೈಕಾಲು ರುಚಿಗೆ ಸಿಹಿ, ಗುಣದಲ್ಲಿ ವಿಷ. ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆ. ನಾಯಿ ಬೆಕ್ಕುಗಳು ಅದನ್ನು ನೆಕ್ಕಿ ಸಾಯುತ್ತವೆ. ಬಣ್ಣದ ನೀರೆಂದು ಮಕ್ಕಳೂ ಕುಡಿಯುವ ಭಯವುಂಟು. ಇಳಿಸಿದ ದ್ರವವನ್ನು ಆಗಲೇ ಡಬ್ಬಿಗೆ ತುಂಬಿ, ಮುಚ್ಚಿ, ಹೆಸರು ಬರೆದು ಎತ್ತರದಲ್ಲಿಡಬೇಕು. ಬಳಿಕ ಇಂಥ ತ್ಯಾಜ್ಯವನ್ನು ಸ್ವೀಕರಿಸುವ ಕಡೆಗೆ ಒಪ್ಪಿಸಬೇಕು. ಚರಂಡಿಗೆ ಸುರಿಯಲಾಗದು. ಈ ಇಡೀ ಕಾರ್ಯದಲ್ಲಿ ಬೆರಳು ತರಚಿದರೆ ವಾಸಿಯಾದೀತು. ಈ ಒಂದು ವಿಷಯದಲ್ಲಿ ಅಲಕ್ಷ್ಯವಾದರೆ ತಿದ್ದುಪಡಿಯಿಲ್ಲ.

ಹೀಟರಿನ ಎರಡು ರಬ್ಬರು ಕೊಳವೆಗಳು ವರ್ಷಾನುವರ್ಷದ ಕಾವಿನಿಂದ ಲೋಹದ ತುದಿಗಳಿಗೆ ಕಚ್ಚಿಕೊಂಡಿರುತ್ತವೆ. ಕ್ಲಿಪ್ಪನ್ನು ಸಡಿಲಿಸಿ ಎಳೆದೊಡನೆ ಬರಲಿಲ್ಲವೆಂದು ಬಲಾತ್ಕಾರದಿಂದ ತಿರುಚಿದರೆ ಬೆಸುಗೆ ಬಿಟ್ಟು ಲೋಹದ ತುದಿಯೇ ಕಿತ್ತುಬರುತ್ತದೆ. ಹಳೆಯ ಕೊಳವೆಯನ್ನು ಉಳಿಸುವ ಆಸೆ ಬೇಡ. ಚಾಕುವಿನಿಂದ ಉದ್ದಕ್ಕೆ ಸೀಳಿ ಬಾಳೆಯ ಸಿಪ್ಪೆಯಂತೆ ಸುಲಿದು ತೆಗೆಯುವುದೇ ಜಾಣತನ. ಸಂಧಿಯನ್ನು ಬಿಡಿಸುವಾಗ ಅಕ್ಷರವನ್ನು ಮುರಿಯಬಾರದೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ. ಫ್ಯಾನಿನ ಮೋಟಾರಿಗೆ ಬರುವ ತಂತಿಗಳನ್ನು ಬೇರ್ಪಡಿಸುವ ಮುನ್ನ ಅವುಗಳ ಬಣ್ಣವನ್ನು ಕಾಗದದಲ್ಲಿ ಬರೆದಿಡಬೇಕು.

ಅನಂತರ ಗಾಡಿಯೊಳಗಿನ ಕೆಲಸ. ನಡುವಿನ ಕನ್ಸೋಲನ್ನೂ ರೇಡಿಯೋ ಇದ್ದರೆ ಅದನ್ನೂ ತೆಗೆದು, ಅಲ್ಲಿ ತೆರೆದ ಕಿಂಡಿಯಲ್ಲಿ ಕೈ ತೂರಿಸಿದರೆ ಪೆಟ್ಟಿಗೆಯ ತಳದಿಂದ ಮುಂಗಾಜಿನತ್ತ ಹೋಗುವ ಎರಡು ಗಾಳಿಕೊಳವೆಗಳು ಬೆರಳಿಗೆ ಸಿಗುತ್ತವೆ. ಅವನ್ನು ಕೆಳಕ್ಕೆಳೆದು ಬಿಡಿಸಬೇಕು. ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ತಂತಿಯನ್ನೂ ಕಳಚಬೇಕು. ಕಣ್ಣಿಗೆ ಕಾಣದೆಡೆಯಲ್ಲಿ ಬೆರಳುಗಳೇ ಕಣ್ಣಾಗಿ ಮಾಡುವ ಈ ಕೆಲಸವೇ ಎಲ್ಲಕ್ಕಿಂತ ಬೇಸರದ್ದು. ಇದನ್ನು ಮರೆತು, ಮೇಲಿನ ತಿರುಪುಗಳನ್ನು ಬಿಚ್ಚಿದ್ದೇ ಸಾಕೆಂದು ಪೆಟ್ಟಿಗೆಯನ್ನು ಮೀಟಿ ಎತ್ತಿದವರು ಅದರ ತಗಡನ್ನು ಬಗ್ಗಿಸಿಕೊಳ್ಳುತ್ತಾರೆ. ಕೆಳಗಿನ ಬಂಧಗಳೆಲ್ಲ ಬಿಟ್ಟಿದ್ದರೂ ಪೆಟ್ಟಿಗೆ ಅಂಟಿಕೊಂಡೇ ಇರುವುದುಂಟು. ಅದಕ್ಕೆ ಕಾರಣ ಅಟ್ಟಕ್ಕೂ ಪೆಟ್ಟಿಗೆಗೂ ನಡುವಣ ಹಳೆಯ ಸ್ಪಂಜಿನ ಪಟ್ಟಿ. ಅತ್ತಿತ್ತ ಮೆಲ್ಲಗೆ ಅಲುಗಿಸಿದರೆ ಬಿಡುತ್ತದೆ. ಒಡಲಿನಲ್ಲಿ ಇನ್ನೂ ದ್ರವ ನಿಂತಿರುವುದರಿಂದ ಪೆಟ್ಟಿಗೆಯನ್ನು ಓರೆ ಮಾಡದೆ ಎತ್ತಿ, ಕೆಳಗೆ ಬಟ್ಟೆ ಹಾಸಿ ಇಳಿಸತಕ್ಕದ್ದು.

ತಗಡಿನ ಕ್ಲಿಪ್ಪುಗಳನ್ನು ಸರಿಸಿ ಪೆಟ್ಟಿಗೆಯನ್ನು ತೆರೆದರೆ ಒಡಲು ಕಾಣುತ್ತದೆ. ಹಳೆಯದು ತಾಮ್ರ ಹಿತ್ತಾಳೆಗಳದು, ಬೆಸುಗೆ ಹಾಕಿದುದು. ಕನ್ನಡನಾಡಿನ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಬಳಿ ರೇಡಿಯೇಟರುಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದೆಡೆಯಲ್ಲಿ ಬೆಸುಗೆ ಹಾಕುವ ಕಸುಬುದಾರರನ್ನು ನೋಡಿದವರಿಗೆ ಇದರ ರಿಪೇರಿಯ ರೀತಿ ತಿಳಿದೇ ಇದೆ. ತೂತು ಒಂದೇ ಇದ್ದು ಲೋಹ ಗಟ್ಟಿಯಾಗಿದ್ದರೆ ಬೆಸುಗೆ ಸಾಕು. ಆದರೆ ನಾಳಗಳು ಒಳಗಿನಿಂದ ಸವೆದಿದ್ದರೆ ಇಂದು ಒಂದೆಡೆ ಮುಚ್ಚಿದ ತೂತು ನಾಳೆ ಇನ್ನೊಂದೆಡೆ ತೆರೆಯುತ್ತದೆ. ಪೆಟ್ಟಿಗೆ ಬಿಚ್ಚುವ ಶ್ರಮವನ್ನು ನೆನೆದರೆ ಹೊಸದನ್ನು ಹಾಕುವುದೇ ಲೇಸು. ಹೊಸದೆಂಬ ಮಾತ್ರಕ್ಕೆ ನಂಬತಕ್ಕದ್ದಲ್ಲ. ಒಂದು ಬಾಯನ್ನು ಮುಚ್ಚಿ, ಇನ್ನೊಂದರಿಂದ ಮೆಲ್ಲನೆ ಗಾಳಿಯೂದಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳದುದನ್ನು ಖಚಿತಪಡಿಸಿಕೊಂಡೇ ಒಳಗಿಡಬೇಕು.

ಪೆಟ್ಟಿಗೆ ಹೊರಗಿರುವಾಗಲೇ ಮಾಡಬೇಕಾದ ಕೆಲಸಗಳು ಕೆಲವುಂಟು. ಗಾಳಿಯು ಮುಂಗಾಜಿನ ಮುಂದಣ ಜಾಲರಿಯಿಂದ ಒಳಬರುವುದರಿಂದ ವರ್ಷಗಳ ತರಗೆಲೆ ಧೂಳುಗಳು ಒಳಗೆ ಕೂತಿರುತ್ತವೆ. ಅದನ್ನೆಲ್ಲ ತೆಗೆದು, ತುಕ್ಕನ್ನು ಉಜ್ಜಿ ಬಣ್ಣ ಬಳಿಯಬೇಕು. ಫ್ಯಾನಿನ ಮೋಟಾರು ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಬೇಕು. ಹೀಟರ್ ವಾಲ್ವು ಹಳೆಯದಾಗಿದ್ದರೆ ಅದನ್ನೂ ಅದರ ಗ್ಯಾಸ್ಕೆಟ್ಟನ್ನೂ ಇದೇ ಸಂದರ್ಭದಲ್ಲಿ ಬದಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಡಲಿನ ಅಂಚಿಗೆ ಸುತ್ತಲೂ ಹೊಸ ಸ್ಪಂಜಿನ ಪಟ್ಟಿ ಅಂಟಿಸುವುದನ್ನು ಮರೆಯಬಾರದು. ನೋಡಲು ಕ್ಷುಲ್ಲಕವಾದ ಈ ಪಟ್ಟಿಯಿಲ್ಲದಿದ್ದರೆ ಗಾಳಿಯು ಒಡಲಿನ ನಡುವೆ ಹಾಯದೆ ಪಕ್ಕದ ಸಂದಿಯಿಂದ ನುಸುಳಿ ತಣ್ಣಗೇ ಹೊರಬರುತ್ತದೆ. ಎಂ.ಜಿ.ಬಿ.ಯ ಹೀಟರು ದುರ್ಬಲವೆಂಬ ದೂರಿಗೆ ಎಷ್ಟೋ ಸಂದರ್ಭಗಳಲ್ಲಿ ಈ ಪಟ್ಟಿ ಕೊಳೆತುಹೋಗಿರುವುದೇ ಕಾರಣ.

ಮರುಜೋಡಣೆ ಬಿಚ್ಚಿದ ಕ್ರಮಕ್ಕೆ ಪ್ರತಿಲೋಮವಾದುದು. ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಮುಂಗಾಜಿನ ಗಾಳಿಕೊಳವೆಗಳನ್ನು ಪೆಟ್ಟಿಗೆಯ ತಳಕ್ಕೆ ಮರಳಿ ಸೇರಿಸುವುದು ಮಾತ್ರ ತೆಗೆದುದಕ್ಕಿಂತ ಕಷ್ಟ. ಬೆಚ್ಚನೆಯ ನೀರಿನಲ್ಲಿ ತುದಿಗಳನ್ನು ಮೆದು ಮಾಡಿಕೊಂಡರೆ ಬೇಗ ಒಗ್ಗುತ್ತವೆ. ಕನ್ಸೋಲನ್ನು ಮುಚ್ಚುವ ಮುನ್ನವೇ ಗಾಳಿಯ ಬಾಗಿಲು ಪೂರ್ತಿ ತೆರೆದು ಪೂರ್ತಿ ಮುಚ್ಚುವುದೇ ಎಂದು ನೋಡಿಕೊಳ್ಳುವುದು ವಿವೇಕ.

೧೯೮೦ರ ಈಚಿನ ಗಾಡಿಗಳಲ್ಲಿ ಇದೇ ಕೆಲಸಕ್ಕೆ ಹೊರಡುವವರು ಎರಡು ವಿಶೇಷಗಳನ್ನು ತಿಳಿದಿರಬೇಕು. ಹವಾನಿಯಂತ್ರಣವುಳ್ಳ ಅನೇಕ ಗಾಡಿಗಳಲ್ಲಿ ತಂಪು ಮಾಡುವ ಸುರುಳಿಯೂ ಹೀಟರಿನ ಒಡಲೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆ ಸುರುಳಿಯೊಳಗಿನ ಅನಿಲವನ್ನು ಗಾಳಿಗೆ ಬಿಡುವುದನ್ನು ಅಮೆರಿಕವೂ ಯುರೋಪಿನ ದೇಶಗಳೂ ಕಾನೂನಿನಿಂದ ನಿಷೇಧಿಸಿವೆ. ಅಂಥಲ್ಲಿ ಅನಿಲವನ್ನು ಹಿಡಿದಿಡುವ ಯಂತ್ರವುಳ್ಳವರಿಂದ ಮೊದಲು ಖಾಲಿ ಮಾಡಿಸಬೇಕು. ಚಾಲನಾಚಕ್ರದಲ್ಲಿ ಗಾಳಿಚೀಲವಿದ್ದರೆ ಡ್ಯಾಶ್‌ಬೋರ್ಡನ್ನು ಬಿಚ್ಚುವ ಮುನ್ನ ತಯಾರಕರ ಪುಸ್ತಕವನ್ನು ಓದದೆ ಮುಂದುವರಿಯುವುದು ದುಸ್ಸಾಹಸ.

ಕೊನೆಯ ಘಟ್ಟ ದ್ರವವನ್ನು ತುಂಬುವುದು. ಹೀಟರ್ ವಾಲ್ವು ಪೂರ್ತಿ ತೆರೆದಿರಬೇಕು. ಇಲ್ಲವಾದರೆ ಒಡಲಿನಲ್ಲಿ ಗಾಳಿ ಸಿಕ್ಕಿಕೊಂಡು, ಎಲ್ಲವೂ ಹೊಸದಾಗಿದ್ದೂ ಬಿಸಿ ಬಾರದು. ಹೀಟರಿನ ಮರಳುಕೊಳವೆಯನ್ನು ಕಳಚಿ ಎತ್ತಿಹಿಡಿದು ಆಲಿಕೆಯಿಂದ ಮೊದಲು ಅದಕ್ಕೇ ಹೊಯ್ದು, ಒಡಲು ತುಂಬಿದ ಮೇಲೆ ಜೋಡಿಸಿ, ಅನಂತರ ರೇಡಿಯೇಟರನ್ನು ತುಂಬುವ ಪದ್ಧತಿ ಒಳ್ಳೆಯದು. ಎಂಜಿನ್ನನ್ನು ಓಡಿಸಿ, ೮೨ ಡಿಗ್ರಿಯ ಥರ್ಮೋಸ್ಟಾಟು ತೆರೆದು ಮೇಲಿನ ಕೊಳವೆ ಬಿಸಿಯಾಗುವವರೆಗೆ ಕಾಯಬೇಕು. ಆಗ ಹೀಟರಿನ ಎರಡು ಕೊಳವೆಗಳೂ ಬಿಸಿಯಾಗಿ ಗಾಳಿ ಬೆಚ್ಚಗೆ ಬಂದರೆ ಕೆಲಸ ಸಾಧಿಸಿತು. ಎಂಜಿನ್ನು ತಣಿದ ಮೇಲೆ ದ್ರವದ ಮಟ್ಟ ತುಸು ಇಳಿದಿರುವುದು ಸಹಜ, ತುಂಬಿಸಬೇಕು. ಎರಡು ಮೂರು ದಿನ ಓಡಿಸಿದ ಬಳಿಕ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು.

ಇಷ್ಟಾದ ಮೇಲೂ ಗಾಡಿಯೊಳಗೆ ಹಳೆಯ ಸಿಹಿವಾಸನೆ ಉಳಿದಿದ್ದರೆ ಗಾಬರಿ ಬೇಡ. ಗ್ಲೈಕಾಲು ನೀರಿನಂತೆ ಆರಿಹೋಗುವ ಪದಾರ್ಥವಲ್ಲ. ಜಮಖಾನೆಯಲ್ಲಿ ಕುಳಿತು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಆದಕಾರಣ ಜಮಖಾನೆಯನ್ನೂ ಅದರಡಿಯ ಕಂಬಳಿಯನ್ನೂ ಹೊರತೆಗೆದು ಬೆಚ್ಚನೆಯ ನೀರಿನಲ್ಲಿ ಎರಡು ಬಾರಿ ತೊಳೆದು ಬಿಸಿಲಿಗೆ ಹರವಬೇಕು. ಅಡಿಯ ತಗಡನ್ನು ಒರೆಸಿ, ತುಕ್ಕು ಹಿಡಿದೆಡೆಯನ್ನು ಕೆರೆದು, ಬಣ್ಣ ಹಾಕಿ, ಅದು ಪೂರ್ತಿ ಒಣಗಿದ ಮೇಲೆಯೇ ಜಮಖಾನೆಯನ್ನು ಮರಳಿ ಹಾಸತಕ್ಕದ್ದು.